ಹತ್ತು ಜಪಕ್ಕೆ ಕಾಲು ಸುತ್ತು

ನಾನು ಹುಟ್ಟಿದ ಕೋಣೆಯೇ ಮುಂದೆ ನಮ್ಮ ಮನೆಯ ಡಾರ್ಕ್ ರೂಮ್ ಆಯಿತು. ಗುಬ್ಬಿಯ ಆ ಮನೆಯಲ್ಲಿ ನಡುಮನೆಗೆ ಅಂಟಿಕೊಂಡಂತೆ ಕಿಟಕಿಯಿಲ್ಲದ ಒಂದು ಬಾಣಂತಿ ಕೋಣೆಯಿತ್ತು. ಅಮ್ಮನಿಗೆ ನಾನೊಬ್ಬಳೇ ಸಾಕು ಎಂದು ದೇವರು ತೀರ್ಮಾನ ಮಾಡಿದ ಮೇಲೆ ಆ ಕೋಣೆಗೆ ಕೆಲಸವಿರಲಿಲ್ಲ. ಅಪ್ಪ ಅದರ ಬಾಗಿಲ ಸಂದಿಗೆಲ್ಲ ಕಪ್ಪು ಬಟ್ಟೆ ಬಡಿದು, ಕೆಂಪು ಬಲ್ಬು ಹಾಕಿ, ಕಲ್ಲಿನ ಜಗಲಿಯ ಮೇಲೆ ಫೋಟೋ ತೊಳೆಯುವ ತಟ್ಟೆಗಳನ್ನು ಜೋಡಿಸಿದರು. ಬೀದಿ ಕಡೆಯ ಕೋಣೆ ಸ್ಟುಡಿಯೋ. ಅಲ್ಲಿ ಕೊಳವೂ ಕಂಬಗಳೂ ಇರುವ ಒಂದು ಬಣ್ಣದ ಪರದೆ, ಅದರ ಮುಂದೆ ಒಂದು ಕಾಲು ಅಲ್ಲಾಡುವ ಕುರ್ಚಿ. ಗುಬ್ಬಿ ಸೀಮೆಯ ಅರ್ಧಕ್ಕರ್ಧ ಗಂಡು ಹೆಣ್ಣು ಆ ಕುರ್ಚಿಯಲ್ಲಿ ಕೂತು ಮದುವೆಗೆ ಫೋಟೋ ಕೊಟ್ಟವರೇ. ನಡುಮನೆಯಲ್ಲಿ ಒಂದು ಗೋಡೆಗೆ ದೇವರ ಗೂಡು, ಎದುರು ಗೋಡೆಗೆ ಅಮ್ಮನ ಮೇಜು. ಹಿತ್ತಿಲ ತಂತಿಯ ಮೇಲೆ ಅಜ್ಜಿಯ ಪೂಜೆ ಸೀರೆ ಒಣಗುತ್ತಿದ್ದರೆ, ಪಕ್ಕದಲ್ಲೇ ಕ್ಲಿಪ್ಪಿಗೆ ಸಿಕ್ಕಿಕೊಂಡು ಯಾರದೋ ಮದುಮಕ್ಕಳ ಫೋಟೋಗಳು ತೂಗಾಡುತ್ತಿದ್ದವು. ಬೇಸಿಗೆಯಲ್ಲಿ ಅಲ್ಲೇ ಕೆಳಗೆ ಸಂಡಿಗೆ. ಫೋಟೋ ತೊಳೆದ ನೀರನ್ನು ಎಲ್ಲಿಗೆ ಚೆಲ್ಲಬೇಕು ಎಂಬುದು ನಮ್ಮ ಮನೆಯಲ್ಲಿ ದಿನದ ಜಗಳ.

“ಆ ನೀರ್ನ ಬಿಲ್ಪತ್ರೆ ಬುಡಕ್ಕೆ ಹುಯ್ಯಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ ನಿಂಗೆ? ಗಿಡ ಸಾಯ್ತದೆ” ಅನ್ನುತ್ತಿದ್ದಳು ಅಜ್ಜಿ.

“ಸತ್ತಿಲ್ವಲ್ಲವ್ವ. ಚೆನ್ನಾಗೇ ಐತಲ್ಲ” ಎನ್ನುವರು ಅಪ್ಪ.

“ನೀನ್ ಹುಯ್ದೋದ್ಮೇಲೆ ನಾನು ಎರಡು ಬಿಂದಿಗೆ ಹಾಕಿ ತೊಳೀತೀನಿ. ಅದಕ್ಕೇ ಐತೆ.”

ಅಜ್ಜಿ ಎಂದರೆ ಅಪ್ಪನ ತಾಯಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಣ್ಣೀರು ಹುಯ್ದುಕೊಂಡು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುತ್ತಿದ್ದಳು. ಪೂಜೆ ಮುಗಿಯದೆ ಒಂದು ಗುಟುಕು ನೀರೂ ಕುಡಿದವಳಲ್ಲ. ರುದ್ರಾಕ್ಷಿ ಸರ ಹಿಡಿದು ಸಣ್ಣ ದನಿಯಲ್ಲಿ ‘ಓಂ ನಮಃ ಶಿವಾಯ’ ಎನ್ನುವುದು ಗೋಡೆಯಾಚೆಗೂ ಕೇಳುತ್ತಿತ್ತು. ಆ ಜಪ ಒಂದು ದಿನ ಬೇಗ, ಒಂದು ದಿನ ನಿಧಾನ ಎಂಬುದಿರಲಿಲ್ಲ. ಮನೆಗೆ ಗಡಿಯಾರ ಇದ್ದರೂ ಅಮ್ಮ ಬೆಳಗಿನ ಹಿಟ್ಟಿಗೆ ಎಸರಿಡುವುದು ಅಜ್ಜಿಯ ಜಪದ ಲೆಕ್ಕದ ಮೇಲೆ. ಅಪ್ಪನೂ ಅಷ್ಟೇ, ಕೆಲಸ ಹೆಚ್ಚಿದ್ದ ದಿನಗಳಲ್ಲಿ ಆ ಹೊತ್ತಿಗೇ ಎದ್ದು ಪ್ರಿಂಟು ಹಾಕುತ್ತಿದ್ದರು. ಡಾರ್ಕ್ ರೂಮಿನ ಮಬ್ಬು ಕೆಂಪು ಬೆಳಕಲ್ಲಿ ಗಡಿಯಾರದ ಮುಳ್ಳು ಕಾಣದು. ಕಾಗದವನ್ನು ಫೋಟೋ ತೊಳೆಯುವ ನೀರಿಗೆ ಬಿಟ್ಟು, ಬಾಗಿಲಾಚೆಯ ಜಪಕ್ಕೆ ಕಿವಿಗೊಟ್ಟು, ಇಷ್ಟು ಸಲ ಆದ ಮೇಲೆ ಎತ್ತುತ್ತಿದ್ದರು. ನಮ್ಮ ಸ್ಟುಡಿಯೋದ ಫೋಟೋಗಳು ಒಂದೇ ಹದಕ್ಕೆ ಬರುತ್ತವೆ ಎಂದು ತುಮಕೂರಿನವರೂ ಹೇಳುತ್ತಿದ್ದರಂತೆ. ಅದರಲ್ಲಿ ಶಿವನ ಪಾಲೂ ಇತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಅಮ್ಮನ ಮೇಜಿನ ಬಗ್ಗೆ ಹೇಳಬೇಕು. ಓರೆಯಾಗಿ ನಿಲ್ಲಿಸಿದ ಒಂದು ಮಬ್ಬು ಗಾಜು, ಕೆಳಗೊಂದು ಕನ್ನಡಿ. ಕನ್ನಡಿ ಕಿಟಕಿಯ ಬೆಳಕನ್ನು ಗಾಜಿಗೆ ಎಸೆಯುತ್ತಿತ್ತು. ಗಾಜಿನ ಮೇಲೆ ಫಿಲ್ಮ್ ಇಟ್ಟು ಅಮ್ಮ ಪೆನ್ಸಿಲಿನಿಂದ ಮುಖಗಳನ್ನು ತಿದ್ದುತ್ತಿದ್ದಳು. ಫಿಲ್ಮಿನಲ್ಲಿ ಎಲ್ಲವೂ ತಿರುಗುಮುರುಗು: ಮುಖದ ಕಪ್ಪು ಕಲೆ ಅಲ್ಲಿ ಬೆಳ್ಳಗೆ, ತಿಳಿಯಾಗಿ ಕಾಣುತ್ತದೆ. ಆ ತಿಳಿ ಜಾಗವನ್ನು ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಫೋಟೋದಲ್ಲಿ ಕಲೆ ಮಾಯ. ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು, ಬಿಸಿಲಿಗೆ ಸುಟ್ಟ ಕೆನ್ನೆ ಎಲ್ಲಕ್ಕೂ ಇದೇ ಮದ್ದು. ನನಗೆ ಹತ್ತು ತುಂಬಿದಾಗ ಅಮ್ಮ ಕೈಗೆ ಪೆನ್ಸಿಲ್ ಕೊಟ್ಟಳು. ಹನ್ನೊಂದಕ್ಕೆ ನಾನು ಒಬ್ಬಳೇ ಕೂತು ಮುಖ ತಿದ್ದುತ್ತಿದ್ದೆ. ಬೆಳಕಿಗೆ ಹಿಡಿದಾಗ ತಿಳಿ ಕಂಡರೆ ತುಂಬಬೇಕು. ಇಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಆ ವರ್ಷವೇ ಅಪ್ಪನಿಗೆ ಆಕಾಶದ ಹುಚ್ಚು ಹಿಡಿದಿದ್ದು. ತುಮಕೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಒಂದು ಪುಸ್ತಕದ ಚಿತ್ರವನ್ನು ಕಾಪಿ ತೆಗೆಸಲು ನಮ್ಮಲ್ಲಿಗೆ ಬಂದಿದ್ದರು. ಆಕಾಶಗಂಗೆಯ ಬಿಳುಪಿನ ನಡುವೆ ಮರದ ಕೊಂಬೆಗಳ ಹಾಗೆ ಕಪ್ಪು ಕವಲುಗಳು. ಅದು ಬರಿದಾದ ಜಾಗವಲ್ಲ, ಅಲ್ಲಿ ಧೂಳು ನಿಂತಿದೆ, ಹಿಂದಿನ ನಕ್ಷತ್ರಗಳಿಗೆ ಅಡ್ಡವಾಗಿದೆ, ಕಪ್ಪು ನೀಹಾರಿಕೆ ಅನ್ನುತ್ತಾರೆ ಎಂದು ಮೇಷ್ಟ್ರು ವಿವರಿಸಿದರಂತೆ. ದಿನಾ ಬೆಳಗಾದರೆ ಲೆನ್ಸಿನ ಮೇಲಿನ ಧೂಳು ಒರೆಸುತ್ತಿದ್ದ ಅಪ್ಪನಿಗೆ ಈ ಧೂಳಿನ ಫೋಟೋ ಹಿಡಿಯಬೇಕು ಅನ್ನಿಸಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಹೇಳಿದ್ದು ಅಪ್ಪ ನಕ್ಷತ್ರದ ಫೋಟೋ ತೆಗೀತಾರೆ ಎಂದಷ್ಟೇ.

ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ ಬಹಳ ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಓಡಿ ಗೆರೆಗಳಾಗುತ್ತವೆ. ಮೊದಲ ಎರಡು ರೋಲು ಹಾಗೇ ಹೋಯಿತು. ಆಮೇಲೆ ಮೇಷ್ಟ್ರು ಬರೆದುಕೊಟ್ಟ ಅಳತೆಯಲ್ಲಿ ಅಪ್ಪ ಬಡಗಿಯಿಂದ ಎರಡು ಹಲಗೆ ಮಾಡಿಸಿದರು. ಪುಸ್ತಕದ ರಟ್ಟಿನ ಹಾಗೆ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಒಂದು ಉದ್ದ ತಿರುಪು. ಕೀಲನ್ನು ಧ್ರುವ ನಕ್ಷತ್ರದ ಕಡೆಗೆ ನೆಟ್ಟಗೆ ಇಟ್ಟು, ಕ್ಯಾಮೆರಾವನ್ನು ಮೇಲಿನ ಹಲಗೆಗೆ ಬಿಗಿದು, ತಿರುಪನ್ನು ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸುತ್ತಾ ಹೋದರೆ ಕ್ಯಾಮೆರಾ ಆಕಾಶದ ಜೊತೆಗೇ ನಡೆಯುತ್ತದೆ. ಕೈಗಡಿಯಾರ ನೋಡಲು ಟಾರ್ಚು ಹಾಕಿದರೆ ಆ ಬೆಳಕು ಫಿಲ್ಮಿಗೆ ಬೀಳುತ್ತದೆ. ಮೂರನೆಯ ರೋಲು ಹಾಗೆ ಹಾಳಾಯಿತು. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅಪ್ಪ ಅಜ್ಜಿಯನ್ನು ಕೇಳಿದರು:

“ಅವ್ವ, ಹೆಂಗೂ ನಾಲ್ಕಕ್ಕೆ ಎದ್ದು ಜಪ ಮಾಡ್ತೀಯ. ತಾರಸಿ ಮೇಲೆ ಕೂತ್ಕೊಂಡು ಮಾಡ್ತೀಯಾ?”

“ಯಾಕ್ಲಾ? ಶಿವ ಅಲ್ಲಿ ಇನ್ನೂ ಚೆನ್ನಾಗಿ ಕೇಳುಸ್ಕತಾನಾ?”

“ನಾನ್ ಕೇಳುಸ್ಕೊಬೇಕು. ನಿನ್ ಜಪ ಹತ್ತಾಗೋದಕ್ಕೆ ಸರಿಯಾಗಿ ಕಾಲು ನಿಮಿಷ ಆಯ್ತದೆ. ಮೂರು ದಿನದಿಂದ ಗಡಿಯಾರ ಹಿಡ್ಕಂಡು ನೋಡಿದೀನಿ.”

ಅಜ್ಜಿಗೆ ಕೋಪ ಬರುತ್ತದೆ ಎಂದು ಅಮ್ಮ ಒಲೆಯ ಕಡೆ ತಿರುಗಿ ನಿಂತಳು. ಅಜ್ಜಿ ಕೋಪ ಮಾಡಿಕೊಳ್ಳಲಿಲ್ಲ. ಜಪ ಎಲ್ಲಿ ಮಾಡಿದರೂ ಜಪವೇ, ಆದರೆ ಕೂರಲು ತನ್ನ ಕಂಬಳಿಯೇ ಬೇಕು ಎಂದಳು. ಹತ್ತು ಜಪಕ್ಕೆ ಕಾಲು ಸುತ್ತು ಎಂದು ಗೊತ್ತಾಯಿತು. ತಿರುಪು ತಿರುಗಿಸುವ ಕೆಲಸ ನನ್ನದು, ಸಣ್ಣ ಕೈಗೆ ಅಲುಗಾಟ ಕಡಿಮೆ ಎಂದು.

ಅಮಾವಾಸ್ಯೆಗೆ ಎರಡು ದಿನ ಮೊದಲು, ನನ್ನ ಪರೀಕ್ಷೆ ಮುಗಿದ ವಾರ. ಬೆಳಗಿನ ಜಾವ ನಾಲ್ಕೂವರೆಗೆ ನಾವು ಮೂವರೂ ತಾರಸಿಯಲ್ಲಿದ್ದೆವು. ವೃಶ್ಚಿಕದ ಬಾಲದ ಹತ್ತಿರ ಆಕಾಶಗಂಗೆ ಎದ್ದು ಕಾಣುತ್ತಿತ್ತು. ಧ್ರುವ ನಕ್ಷತ್ರ ನಮ್ಮ ಸೀಮೆಯಲ್ಲಿ ತೀರಾ ಕೆಳಗೆ. ಹಿಂದಿನ ಮನೆಯ ತೆಂಗಿನ ಗರಿ ಸರಿದಾಗಲೇ ಅಪ್ಪ ಕಣ್ಣಿಟ್ಟು ಹಲಗೆ ಸರಿ ಮಾಡಬೇಕಿತ್ತು. ಕ್ಯಾಮೆರಾ ತೆರೆದರು. ಇಪ್ಪತ್ತು ನಿಮಿಷ. ಅಷ್ಟರಲ್ಲಿ ಎದುರು ಮನೆಯವರು ಎದ್ದು ಬಚ್ಚಲೊಲೆಗೆ ಉರಿ ಹಾಕಿದರು. ಆ ಬೆಳಕು ಬೀಳದ ಹಾಗೆ ಅಪ್ಪ ದೂರದ ಮೋಟುಗೋಡೆಯ ಬಳಿ ಇನ್ನೊಂದು ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತರು. ಅಜ್ಜಿಯ ಜಪ ಸಾಗಿತ್ತು. ಪ್ರತಿ ಹತ್ತನೆಯದಕ್ಕೆ ದನಿ ಒಂದಿಷ್ಟು ಏರಿಸುವಳು, ನಾನು ಕಾಲು ಸುತ್ತು ತಿರುಗಿಸುವೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಾಲಿಗೆ ಕೆಂಪಿರುವೆ ಕಚ್ಚಿತು. ಕೈ ತೆಗೆದು, ಕಾಲು ಉಜ್ಜಿಕೊಂಡು, ಕತ್ತಲಲ್ಲಿ ಮತ್ತೆ ತಿರುಪನ್ನು ತಡಕಿ ಹಿಡಿದೆ. ಅಜ್ಜಿಯ ದನಿ ಏರಿತು, ನಾನು ತಿರುಗಿಸಿದೆ. ಕೊನೆಯವರೆಗೂ ಹಾಗೇ ನಡೆಯಿತು.

ಮರುದಿನ ಫಿಲ್ಮ್ ತೊಳೆದು ಒಣಗಲು ಹಾಕಿ ಅಪ್ಪ ಒಂದು ಗೃಹಪ್ರವೇಶದ ಫೋಟೋಗೆ ಹೋದರು. ಅಮ್ಮ ಹಿತ್ತಿಲಲ್ಲಿ ಸಂಡಿಗೆ ಇಡುತ್ತಿದ್ದಳು. ನಾನು ಒಣಗಿದ ಫಿಲ್ಮನ್ನು ಗಾಜಿನ ಮೇಲಿಟ್ಟು ನೋಡಿದೆ. ಬೂದು ಬಣ್ಣದ ಪಟ್ಟಿ, ಅದರ ಮಧ್ಯೆ ಬಿರುಕು ಬಿಟ್ಟ ಹಾಗೆ ತಿಳಿ ಗೆರೆಗಳು, ತಿಳಿ ಮಚ್ಚೆಗಳು. ಇಷ್ಟು ಕಷ್ಟಪಟ್ಟು ತೆಗೆದ ಫೋಟೋದಲ್ಲಿ ಇಷ್ಟೊಂದು ಕಲೆಯೇ ಎಂದು ಮರುಕವಾಯಿತು. ಅಪ್ಪ ಬರುವಷ್ಟರಲ್ಲಿ ಸರಿ ಮಾಡಿದರೆ ಖುಷಿಪಡುತ್ತಾರೆ ಎಂದುಕೊಂಡು ಕೂತೆ. ಮಧ್ಯಾಹ್ನದ ಊಟಕ್ಕೆ ಕರೆದಾಗ ಎದ್ದು ಬಂದು ಮತ್ತೆ ಕೂತೆ. ಜೀವನದಲ್ಲಿ ಅಷ್ಟು ನಾಜೂಕಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಒಂದು ಬಿರುಕೂ ಉಳಿಯಲಿಲ್ಲ. ಅಪ್ಪ ತಾವಾಗಿ ನೋಡಿ ಕೇಳಲಿ ಎಂದು, ಮಾಡಿದ್ದನ್ನು ಹೇಳದೆ ಸುಮ್ಮನಿದ್ದೆ.

ಸಂಜೆ ಅಪ್ಪ ಆ ಫಿಲ್ಮನ್ನು ಕಾಗದದ ಮೇಲೆ ಒತ್ತಿ ಚಿಕ್ಕದೊಂದು ಪ್ರಿಂಟು ಹಾಕಿದರು. ಡಾರ್ಕ್ ರೂಮಿನಿಂದ ಬಂದವರು ನೇರ ಅಜ್ಜಿಯ ಮುಂದೆ ನಿಂತರು. ನಾನು ಬಾಗಿಲ ಹಿಂದಿದ್ದೆ.

“ತೂಕಡಿಸ್ಬುಟ್ಟಲ್ಲವ್ವ.”

“ಏನಾಯ್ತು?”

“ಕಪ್ಪೇ ಬಂದಿಲ್ಲ. ಎಲ್ಲಾ ಹಾಲು ಚೆಲ್ದಂಗೆ ಒಂದಾಗೋಗದೆ. ಲೆಕ್ಕ ತಪ್ಪಿ ನಕ್ಷತ್ರ ಎಲ್ಲ ಎಳ್ಕಂಡು, ಕಪ್ಪು ಇದ್ದ ಜಾಗನೆಲ್ಲ ಮುಚ್ಚದೆ. ನಿದ್ದೆ ಬತ್ತದೆ ಅಂತ ಒಂದ್ ಮಾತು ಹೇಳಿದ್ರೆ ನಿಲ್ಲುಸ್ತಿರ್ಲಿಲ್ವಾ?”

ಅಜ್ಜಿ ಯಾವ ಮಾತಿಗೂ ಎದುರು ಮಾತಿಲ್ಲದೆ ಬಿಟ್ಟವಳಲ್ಲ. ಆಕೆಯ ಜಪದ ಮೇಲೇ ಮಾತು ಬಂದಿತ್ತು. ಅಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತಳು.

“ಇರ್ಬೋದು” ಅಂದಳು ಅಜ್ಜಿ.

ಮರುದಿನದಿಂದ ಹನ್ನೊಂದು ದಿನ ಒಪ್ಪೊತ್ತು ಹಿಡಿದಳು. ಜಪ ತಪ್ಪಿದ್ದಕ್ಕೆ ಪ್ರಾಯಶ್ಚಿತ್ತ ಎಂದಳು. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಒಂದು ಲೋಟ ಮಜ್ಜಿಗೆ. ಮಾವಿನಹಣ್ಣಿನ ಕಾಲ. ರಾತ್ರಿ ನಾವು ಮುದ್ದೆ ಉಣ್ಣುವಾಗ ಅಜ್ಜಿ ತನ್ನ ಜಾಗದಲ್ಲೇ ಕೂತು ನನಗೆ ಹಣ್ಣು ಹೆಚ್ಚಿ ಕೊಡುತ್ತಿದ್ದಳು. ಕಪ್ಪೇ ಬಂದಿಲ್ಲ ಎಂದು ಅಪ್ಪ ಅಂದಾಗಲೇ ನನಗೆ ಎಲ್ಲ ತಿಳಿದುಹೋಗಿತ್ತು. ಆದರೂ ಹೇಳಲಿಲ್ಲ, ಹಣ್ಣನ್ನೂ ಬಿಡಲಿಲ್ಲ. ಎರಡನೆಯದನ್ನು ಕೇಳಿ ಹಾಕಿಸಿಕೊಂಡು ತಿಂದದ್ದು ನೆನಪಿದೆ. ಅಪ್ಪ ಆ ಫಿಲ್ಮನ್ನು ಬೆಳಕಿಗೆ ಕೂಡ ಹಿಡಿಯದೆ ಲಕೋಟೆಗೆ ಹಾಕಿಟ್ಟಿದ್ದರು. ಹೊಸ ರೋಲು ತರುವ ಮಾತೂ ನಿಂತಿತು.

ಆರನೆಯ ದಿನ ಬೆಳಗಿನ ಜಾವ ಅಜ್ಜಿ ನನ್ನನ್ನು ಎಬ್ಬಿಸಿದಳು. ದೇವರ ಗೂಡಿನ ಮುಂದೆ ಕೂರಿಸಿ ರುದ್ರಾಕ್ಷಿ ಸರವನ್ನು ನನ್ನ ಕೈಗಿಟ್ಟಳು.

“ನಾನು ಜಪ ಮಾಡ್ತೀನಿ, ನೀನು ಮಣಿ ಎಣ್ಸು ಮಗ. ಎಲ್ಲಾದ್ರೂ ಬಿಡ್ತೀನಾ ನೋಡು. ನಂಗ್ಯಾಕೋ ನಂಬ್ಕೆ ಬರ್ತಿಲ್ಲ.”

ಅವಳ ಸರವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನಾನು ಅದನ್ನು ಅವಳ ಮಡಿಲಿಗೇ ವಾಪಸ್ ಇಟ್ಟೆ.

“ಅಜ್ಜಿ, ಆ ಕಪ್ಪನ್ನೆಲ್ಲ ನಾನೇ ಪೆನ್ಸಿಲ್ಲಲ್ಲಿ ಮುಚ್ಬುಟ್ಟೆ.”

“ಯಾವ ಕಪ್ಪು?”

“ಅಪ್ಪನ ಫಿಲ್ಮಲ್ಲಿದ್ದಿದ್ದು. ಕಲೆ ಅನ್ಕಂಡೆ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಹಂಗಾರೆ ಕಪ್ಪು ಬಂದಿತ್ತಾ?”

“ಬಂದಿತ್ತು.”

“ಚೆನ್ನಾಗಿ ಬಂದಿತ್ತಾ? ಕವಲು ಕವಲಾಗಿ?”

“ಹೂಂ.”

“ಹೋಗು, ನಿಮ್ಮಪ್ಪಂಗೆ ಹೇಳು. ನಾನ್ ಹೇಳಿದ್ರೆ, ತಪ್ಪು ಮುಚ್ಕಳಕೆ ಮಗೀನ ಮುಂದೆ ತಳ್ತಾವ್ಳೆ ಅಂತಾನೆ.”

ಅಪ್ಪ ಹಾಸಿಗೆಯಿಂದ ಎದ್ದು ಕೇಳಿಸಿಕೊಂಡರು. ಫಿಲ್ಮನ್ನು ತೆಗೆದು ದೀಪಕ್ಕೆ ಓರೆಯಾಗಿ ಹಿಡಿದಾಗ ನನ್ನ ಪೆನ್ಸಿಲ್ ಚುಕ್ಕೆಗಳು ಮಿಣುಗಿದವು. ಹೊಡೆಯುತ್ತಾರೆ ಎಂದುಕೊಂಡು ನಾನು ಅಮ್ಮನ ಸೆರಗು ಹಿಡಿದಿದ್ದೆ.

“ಕೈ ಚೆನ್ನಾಗೈತೆ ಕಣೇ ಗಿರಿಜಾ” ಅಂದರು.

ಅಷ್ಟು ಅಂದವರು ಮುಂದೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಪೆನ್ಸಿಲ್ ಮಾತ್ರ ಹಿಡಿದಿದ್ದೆ, ಫಿಲ್ಮಿನ ಮೇಲ್ಪದರ ಕೆರೆಯುವ ಅಮ್ಮನ ಬ್ಲೇಡು ಮುಟ್ಟಿರಲಿಲ್ಲ. ಅದೊಂದು ಪುಣ್ಯ. ಪೆನ್ಸಿಲ್ ಆದರೆ ಟರ್ಪೆಂಟೈನಿಗೆ ಬಿಡುತ್ತದೆ. ಅಮ್ಮ ಹತ್ತಿಯ ಬತ್ತಿ ಅದ್ದಿ ಅದ್ದಿ ಒರೆಸಿದಳು. ಸಂಜೆ ದೊಡ್ಡ ಪ್ರಿಂಟು ಹಾಕುವಾಗ ನಾವು ನಾಲ್ವರೂ ಡಾರ್ಕ್ ರೂಮಿನಲ್ಲಿ ಒತ್ತಿಕೊಂಡು ನಿಂತಿದ್ದೆವು. ಆ ನೀರಿನ ವಾಸನೆಗೆ ಹೇಸಿ ಅಜ್ಜಿ ಅಮ್ಮನ ಬಾಣಂತನ ಮುಗಿದ ಮೇಲೆ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅಂದು ಮೂಗಿಗೆ ಸೆರಗು ಹಿಡಿದು ಬಂದಳು. ಕೆಂಪು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಕಪ್ಪು ಆಕಾಶ, ಆಮೇಲೆ ಉಳಿದ ಬಿಳುಪಿನ ನಡುವೆ ಒಂದೊಂದಾಗಿ ಕವಲುಗಳು ಬಂದವು.

“ಅವ್ವ, ತಪ್ಪಾಯ್ತು” ಅಂದರು ಅಪ್ಪ.

“ಇರ್ಲಿ ಬುಡು. ಬಾಗ್ಲು ಸರಿಯಾಗಿ ಹಾಕು, ಬೆಳಕ್ ಬತ್ತದೆ.”

ಆ ರಾತ್ರಿ ಅಮ್ಮ ಅಜ್ಜಿಯ ಮುಂದೆ ತಟ್ಟೆ ಇಟ್ಟಳು. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿದಳು.

“ತಪ್ಪು ನಿಮ್ದಲ್ಲ ಅಂತ ಗೊತ್ತಾಯ್ತಲ್ಲ ಅತ್ತೆ, ಊಟ ಮಾಡಿ.”

“ಹನ್ನೊಂದು ಅಂದ್ರೆ ಹನ್ನೊಂದೇ. ಮಜ್ಜಿಗೆ ಕೊಡು.”

“ಅಜ್ಜಿ, ನೀನು ತಪ್ಪೇ ಮಾಡಿಲ್ವಲ್ಲ” ಎಂದೆ ನಾನು.

“ನಂಗೂ ಅವಂಗೂ ಒಂದ್ ಲೆಕ್ಕ ಐತೆ. ನೀನು ಹಣ್ಣು ತಿನ್ನು” ಎಂದು ದೇವರ ಗೂಡಿನ ಕಡೆ ಗದ್ದ ಎತ್ತಿದಳು. ಮಿಕ್ಕ ದಿನಗಳನ್ನೂ ಮುಗಿಸಿದಳು. ಹಿಡಿದದ್ದನ್ನು ಬಿಡದ ಹೆಂಗಸು ಎಂದು ನಾವು ಅಂದುಕೊಂಡೆವು.

ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಬೀದಿಗೆ ಹೊಸ ದೀಪದ ಕಂಬಗಳು ಬಂದವು. ತಾರಸಿಯಿಂದ ಆಕಾಶಗಂಗೆ ಕಾಣದಾಯಿತು. ಅಪ್ಪನಿಗೆ ಅದೊಂದೇ ಫಿಲ್ಮ್ ಉಳಿದದ್ದು. ಪ್ರಿಂಟಿಗೆ ಕಟ್ಟು ಹಾಕಿ ಸ್ಟುಡಿಯೋದಲ್ಲಿ ನೇತು ಹಾಕಿದರು. ಬಂದ ಗಿರಾಕಿಗಳು, “ಇದೇನ್ ಸ್ವಾಮಿ, ಬೂಷ್ಟು ಹಿಡ್ದಿರೋದನ್ನ ನೇತಾಕಿದೀರ?” ಎಂದು ಕೇಳುವರು. ಅಪ್ಪ ಅವರನ್ನು ಆ ಅಲ್ಲಾಡುವ ಕುರ್ಚಿಯಲ್ಲಿ ಕೂರಿಸಿ ಧೂಳಿನ ಕತೆ ಹೇಳುವರು. ಅಜ್ಜಿಯ ಹೆಸರನ್ನು ಬಿಡುತ್ತಿರಲಿಲ್ಲ. ಆಮೇಲೆ ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು. ಫಿಲ್ಮಿನ ಲಕೋಟೆ ನನ್ನ ಜೊತೆ ತುಮಕೂರಿಗೆ ಬಂತು. ನಮ್ಮ ದೇವರ ಮನೆಯ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿಗಳ ಕೆಳಗೆ ಇಟ್ಟಿದ್ದೆ. ಅದಕ್ಕೇ ತೇವ ತಾಕದೆ ಉಳಿಯಿತು ಎಂದು ನನ್ನ ನಂಬಿಕೆ.

ನನ್ನ ಮಗಳು ನಂದಿನಿ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಮೇಲಿನ ಗೀರು ಕಲೆಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಮೂರು ವರ್ಷದಿಂದ ಅವಳಿಗೂ ತಾತನ ಹುಚ್ಚು. ಅಮಾವಾಸ್ಯೆ ಹತ್ತಿರದ ಶನಿವಾರಗಳಲ್ಲಿ ನಾವು ಕುಣಿಗಲ್ ಆಚೆ ನನ್ನ ನಾದಿನಿಯ ತೆಂಗಿನ ತೋಟಕ್ಕೆ ಹೋಗುತ್ತೇವೆ; ತುಮಕೂರಿನ ಆಕಾಶ ಈಗ ರಾತ್ರಿಯಿಡೀ ಕಿತ್ತಳೆ ಬಣ್ಣ. ಅವಳ ಕ್ಯಾಮೆರಾ ಪುಟ್ಟ ಮೋಟಾರಿನ ಮೇಲೆ ತಾನೇ ತಿರುಗುತ್ತದೆ. ನನಗಿರುವ ಕೆಲಸ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವುದು. ಆದರೂ ಕ್ಯಾಮೆರಾ ತೆರೆದ ಕೂಡಲೇ ನನ್ನ ಬಾಯಿಗೆ ಪಂಚಾಕ್ಷರಿ ಬರುತ್ತದೆ, ಹತ್ತಕ್ಕೊಮ್ಮೆ ಬೆರಳು ತಾನಾಗಿ ತಿರುಗುತ್ತದೆ. ಕಳೆದ ಸಲ ವೃಶ್ಚಿಕದ ಬಾಲದ ಹತ್ತಿರದ ಕಪ್ಪು ನೀಹಾರಿಕೆಗಳನ್ನೇ ತೆಗೆದು ಬಂದಳು. ಮರುದಿನ ಭಾನುವಾರ, ತಾತನದರ ಪಕ್ಕದಲ್ಲಿಟ್ಟು ನೋಡೋಣ ಎಂದು ಹಳೆಯ ಫಿಲ್ಮನ್ನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

“ಅಮ್ಮ, ಇಲ್ಲಿ ನೋಡು. ದೊಡ್ಡ ನಕ್ಷತ್ರಕ್ಕೆಲ್ಲ ಪಕ್ಕದಲ್ಲಿ ಒಂದೊಂದು ಮರಿ ಇದೆ. ಎಲ್ಲಕ್ಕೂ ಒಂದೇ ಕಡೆ.”

“ಹಂಗಂದ್ರೆ?”

“ಮಧ್ಯದಲ್ಲಿ ಒಂದೇ ಒಂದ್ಸಲ ನಿಂತೋಗಿದೆ. ಹತ್ತು ಸೆಕೆಂಡ್ ಇರ್ಬೋದು ಅಷ್ಟೇ. ಮೊದ್ಲೂ ಕರೆಕ್ಟಾಗಿದೆ, ಆಮೇಲೂ ಕೊನೆ ತನಕ ಕರೆಕ್ಟಾಗಿ ಹೋಗಿದೆ. ಮುತ್ತಜ್ಜಿ ತೂಕಡಿಸಿದ್ರಾ?”

ನಾನು ಕಾಲು ಉಜ್ಜಿಕೊಂಡು ತಿರುಪನ್ನು ತಡಕುತ್ತಿದ್ದಷ್ಟು ಹೊತ್ತು ತಾರಸಿಯ ಮೇಲೆ ಯಾವ ದನಿಯೂ ಇರಲಿಲ್ಲ. ನನ್ನ ಕೈ ತಿರುಪಿಗೆ ಸಿಕ್ಕ ಮೇಲೆ ಜಪ ಮುಂದುವರಿದಿತ್ತು. ಆ ಮೌನ ನನಗೆ ಕೇಳಿತ್ತು, ಆದರೆ ಇಷ್ಟು ವರ್ಷ ಅದರ ಅರ್ಥ ತಿಳಿದಿರಲಿಲ್ಲ. ಅಪ್ಪ ತಪ್ಪು ಹೊರಿಸಿದಾಗ ಅಜ್ಜಿ ‘ಇರ್ಬೋದು’ ಅಂದದ್ದೂ, ಹನ್ನೊಂದು ದಿನ ಪೂರ್ತಿ ಮಾಡಿದ್ದೂ ಜಪ ನಿಂತ ಆ ಹತ್ತು ಸೆಕೆಂಡಿಗೆ. ಮಗು ಕೈ ಬಿಟ್ಟಿತು ಅನ್ನಬಹುದಿತ್ತು. ಅನ್ನಲಿಲ್ಲ.

“ತೂಕಡಿಸ್ಲಿಲ್ಲ. ನನ್ನ ಕಾಲಿಗೆ ಇರುವೆ ಕಚ್ತು, ಅದಕ್ಕೆ ಕಾದ್ರು” ಎಂದೆ.

ನಂದಿನಿಗೆ ಪೂರ್ತಿ ಅರ್ಥವಾಗಲಿಲ್ಲ. ಮೌಸ್ ಹಿಡಿದು ಕೇಳಿದಳು:

“ಈ ಮರಿಗಳ್ನೆಲ್ಲ ತೆಗೆದುಬಿಡ್ಲಾ? ಎರಡು ನಿಮಿಷದ ಕೆಲ್ಸ. ಗೊತ್ತೇ ಆಗಲ್ಲ.”

“ಮುಟ್ಟಬೇಡ” ಎಂದೆ.

ರಾತ್ರಿ ನಾನು ಊಟಕ್ಕೆ ಕೂರಲಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದೆ. ಸಕ್ಕರೆ ಕಾಯಿಲೆಯವಳಿಗೆ ಹನ್ನೊಂದು ದಿನ ಆಗುವ ಮಾತಲ್ಲ, ಡಾಕ್ಟರು ಬೈಯುತ್ತಾರೆ. ಒಂದು ರಾತ್ರಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಯಿತು.